ದೊರೆಯ ಕೆಮ್ಮು

ನಮ್ಮ ಊರಿನಲ್ಲಿ ಕಲಿತ ಮಾತು ಕಲಿಸಿದವರ ದನಿಯಲ್ಲೇ ಹೊರಬರುತ್ತದೆ. ಕಲಿಸಿದವರೂ ಇನ್ನೊಬ್ಬರಿಂದ ಕಲಿತಿದ್ದರೆ ಆ ಇನ್ನೊಬ್ಬರ ದನಿ. ಹೀಗೆ ಹಿಂದೆ ಹಿಂದೆ ಹೋಗಿ, ಆ ಮಾತು ಮೊದಲು ಯಾರ ಗಂಟಲಲ್ಲಿ ಹುಟ್ಟಿತೋ ಅವರ ದನಿ. ತಾನೇ ಕಂಡದ್ದೋ ತಾನೇ ಕಟ್ಟಿದ್ದೋ ಆದರೆ ಮಾತ್ರ ಸ್ವಂತ ದನಿ. ಪೇಟೆಯ ಜನ ಇದಕ್ಕೆ ಎಂದೋ ಒಗ್ಗಿಹೋಗಿದ್ದಾರೆ. ಹೊಸದಾಗಿ ಮದುವೆಯಾದವಳು ಅನ್ನಕ್ಕೆ ನೀರೆಷ್ಟು ಇಡಬೇಕೆಂದು ಗಂಡನಿಗೆ ಹೇಳಿಕೊಟ್ಟರೆ, ಅಡುಗೆಮನೆಯಲ್ಲಿ ಅತ್ತೆಯೇ ಬಂದು ನಿಂತಂತಾಗಿ ಅವನು ಲುಂಗಿ ಸರಿಮಾಡಿಕೊಳ್ಳುತ್ತಾನೆ. ಬಸ್ ಕಂಡಕ್ಟರು "ಒಳಗೆ ಹೋಗಿ, ಒಳಗೆ ಜಾಗ ಇದೆ" ಎನ್ನುವುದು ಯಾವ ಕಾಲದಲ್ಲೋ ಇದ್ದ ಮೊದಲನೇ ಕಂಡಕ್ಟರಿನ ಗೊಗ್ಗರು ದನಿಯಲ್ಲಿ. ಪಂಚಾಯಿತಿ ಕಟ್ಟೆಯಲ್ಲಿ ಒಬ್ಬ ಎದ್ದು "ಈ ದಾರಿ ನಮ್ಮ ತಾತನ ಕಾಲದಿಂದಲೂ ನಮ್ಮದೇ" ಎಂದಾಗ ತಾತನ ದನಿ ಬಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅವನದೇ ದನಿ ಬಂದರೆ ಪಂಚೆ ಕೊಡವಿಕೊಂಡು ಎದ್ದು ಹೋಗುತ್ತಾರೆ, ಜಗಳವನ್ನೂ ಆಡುವುದಿಲ್ಲ.

ನಮ್ಮ ವಿಶ್ವವಿದ್ಯಾಲಯದಲ್ಲಿ ಮಾತ್ರ ಈ ಲೆಕ್ಕಾಚಾರವನ್ನು ಯಾರೂ ಮಾಡುತ್ತಿರಲಿಲ್ಲ. ನಾನು ಕೆಲಸ ಮಾಡುವ ಕಾಡುಜನರ ಅಧ್ಯಯನ ವಿಭಾಗವನ್ನು ಕಟ್ಟಿದವನು ಪೆಂಬ್ಲಿ ದೊರೆ. ಅವನು ಸತ್ತು ಮಣ್ಣಾಗಿ ತಲೆಮಾರುಗಳೇ ಕಳೆದಿವೆ. ಆದರೂ ಬೆಳಗಿನ ಮೊದಲ ಪಾಠದಿಂದ ಸಂಜೆಯ ಕೊನೆಯ ಪಾಠದವರೆಗೆ ಎಲ್ಲ ಕೋಣೆಗಳಲ್ಲೂ ಮಾತಾಡುವವನು ಅವನೇ. ಪ್ರಾಧ್ಯಾಪಕರು ಬಾಯಿ ತೆರೆದರೆ ಸಾಕು, "ಹಾಡಿಯ ಹಿರಿಯರು ಸ್ವತಃ ನನಗೆ ತಿಳಿಸಿದಂತೆ..." ಎಂದು ಆ ದಪ್ಪ ದನಿ ಶುರುವಾಗುತ್ತದೆ. ದೊರೆ ತನ್ನ ಮೊದಲ ಉಪನ್ಯಾಸಗಳನ್ನು ಕೊಡುವಾಗ ಅವನಿಗೆ ಎದೆಯಲ್ಲಿ ಕಫ ಕಟ್ಟಿತ್ತಂತೆ. ಹಾಗಾಗಿ ಅವನು ಎಲ್ಲೆಲ್ಲಿ ಕೆಮ್ಮಿದನೋ ಅಲ್ಲಲ್ಲೇ ನಮ್ಮ ಪ್ರಾಧ್ಯಾಪಕರೂ ಕೆಮ್ಮುತ್ತಾರೆ. ವಿದ್ಯಾರ್ಥಿಗಳು ಕೆಮ್ಮು ಬಂದ ಜಾಗದಲ್ಲಿ ಅಡಿಗೆರೆ ಎಳೆಯುತ್ತಾರೆ. ಪ್ರಶ್ನೆಪತ್ರಿಕೆಗೆ ಬರುವುದೆಲ್ಲ ಕೆಮ್ಮಿನ ಅಕ್ಕಪಕ್ಕದ್ದೇ.

ವಿಭಾಗದ ಮುಖ್ಯಸ್ಥರಾದ ಪ್ರೊಫೆಸರ್ ವಾಮದೇವಯ್ಯನವರ ಕೆಮ್ಮು ಅತ್ಯಂತ ಶುದ್ಧವೆಂದು ಹೆಸರಾಗಿತ್ತು. ಜೇನು ಕೀಳುವ ಮೊದಲು ಹಾಡಿಯವರು ಮರದ ಕೆಳಗೆ ನಿಂತು ಅಳುತ್ತಾರೆ, ಅದು ಜೇನುಹುಳುಗಳಿಗೆ ಸಲ್ಲಿಸುವ ಶೋಕಸಂಸ್ಕಾರ ಎಂದು ದೊರೆ ಬರೆದಿದ್ದ. ವಾಮದೇವಯ್ಯನವರು ಆ ಅಳುವಿನ ಮೇಲೇ ಡಾಕ್ಟರೇಟ್ ಪಡೆದವರು. ಅವರ ಪ್ರಯತ್ನದಿಂದ ನಮ್ಮ ಗೇಟಿನ ಪಕ್ಕದಲ್ಲಿ ಅಳುತ್ತಿರುವ ಹಾಡಿಯವನ ಸಿಮೆಂಟಿನ ಪ್ರತಿಮೆಯೊಂದು ನಿಂತಿದೆ.

ನಾನು ಆ ಹಾಡಿಯವಳೇ. ನನ್ನ ಹೆಸರು ಸೋರೆ. ಆರು ವರ್ಷಕ್ಕೇ ನನ್ನನ್ನು ಆಶ್ರಮಶಾಲೆಗೆ ಸೇರಿಸಿದರು. ಅಲ್ಲಿಂದ ಹಾಸ್ಟೆಲು, ಹಾಸ್ಟೆಲಿನಿಂದ ವಿಶ್ವವಿದ್ಯಾಲಯ. ಹಾಜರಿ ಕೂಗುವಾಗ ನನ್ನ ಹೆಸರು ಬಂದರೆ ಯಾರಾದರೊಬ್ಬರು ಕುಂಬಳ, ಹೀರೆ ಎಂದು ಮುಂದುವರಿಸುತ್ತಿದ್ದರು. ಅಳುವಿನ ಸಂಸ್ಕಾರದ ಪ್ರಶ್ನೆಗೆ ನಾನೂ ಉತ್ತರ ಬರೆದು ಪೂರ್ತಿ ಅಂಕ ಪಡೆದಿದ್ದೆ. ಆ ಸಲ ರಜೆಗೆ ಹೋದಾಗ ನನ್ನನ್ನು ಸಾಕಿದ ದೊಡ್ಡವ್ವ ಕೆಂಚಿಯನ್ನು ಕೇಳಿದೆ, ನಾವು ಜೇನಿನ ಮುಂದೆ ಅಳುವುದು ಏಕೆ ಎಂದು. ಅವಳು ನನ್ನ ಹಣೆ ಮುಟ್ಟಿ ನೋಡಿ, "ಹೊಗೆ ಕಣ್ಮಗಾ. ಹುಳಾ ಓಡ್ಸಕ್ಕೆ ಹೊಗೆ ಹಾಕ್ತೀವಿ, ಕಣ್ಣುರೀತದೆ" ಎಂದಳು. ಅಂಕ ಬಂದಾಗಿತ್ತು. ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ನಮ್ಮ ಕುಲಪತಿಗಳು ದೂರದ ಯಾವುದೋ ಊರಿನ ಸಮ್ಮೇಳನಕ್ಕೆ ಹೋಗಿಬಂದರು. ಬಂದವರೇ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ವಿಶ್ವವಿದ್ಯಾಲಯವನ್ನು ವಸಾಹತುಮುಕ್ತಗೊಳಿಸಬೇಕು, ನಮ್ಮ ಜ್ಞಾನ ನಮ್ಮ ದನಿಯಲ್ಲಿ ಬರಬೇಕು ಎಂದು ಭಾಷಣ ಮಾಡಿದರು. ಭಾಷಣ ಮಾತ್ರ ಮೂಗಿನಲ್ಲಿ ಮಾತಾಡುವ ಯಾವನೋ ಪರದೇಶದವನ ದನಿಯಲ್ಲಿತ್ತು. ಯಾರೂ ಅದನ್ನು ಎತ್ತಿ ಆಡಲಿಲ್ಲ. ಕೊನೆಗೆ ಆದೇಶವಾಯಿತು: ಇನ್ನು ಮುಂದೆ ದೊರೆಯ ದನಿಯಲ್ಲಿ ಪಾಠ ಮಾಡುವವರಿಗೆ ಕಾಯಂ ಹುದ್ದೆ ಇಲ್ಲ. ಕಾಯಂ ಆಗಿರುವವರ ವಿಷಯ ಆಮೇಲೆ.

ವಿಭಾಗದಲ್ಲಿ ಕಾಯಂ ಆಗದೆ ಉಳಿದವಳು ನಾನೊಬ್ಬಳೇ. ಆದ್ದರಿಂದ ಆದೇಶ ಮೊದಲು ಬಿದ್ದದ್ದು ನನ್ನ ತಲೆಯ ಮೇಲೆ. ಉಳಿದವರಿಗೆ ಅದು ಖುಷಿಯೇ. "ನಿಮಗೇನ್ರೀ ಚಿಂತೆ? ನೀವು ಅಲ್ಲಿಯವರೇ. ಬಾಯಿಬಿಟ್ಟರೆ ಹಾಡಿಯೇ ಮಾತಾಡುತ್ತದೆ" ಎಂದು ಕ್ಯಾಂಟೀನಿನಲ್ಲಿ ಬೆನ್ನುತಟ್ಟಿದರು. ನಾನು ನಕ್ಕೆ. ನಗುವಿಗೆ ಯಾರ ದನಿಯೂ ಬೇಕಾಗಿಲ್ಲ, ಅದೊಂದು ಅನುಕೂಲ.

ಮೊದಲಿನಿಂದಲೂ ನನಗೆ ಒಂದು ಅಭ್ಯಾಸ. ಹೊರಗೆ ಆಡಬೇಕಾದ ಮಾತನ್ನು ಬಚ್ಚಲುಮನೆಯಲ್ಲಿ ಒಮ್ಮೆ ಹೇಳಿ, ಯಾರು ಬರುತ್ತಾರೆಂದು ನೋಡಿಕೊಂಡೇ ಹೊರಡುವುದು. ಅಂದು ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು, ಮೆಲ್ಲಗೆ "ನಮ್ಮ ಹಾಡಿಯಲ್ಲಿ" ಎಂದೆ. ದೊರೆ "ನಮ್ಮ ಹಾಡಿಯಲ್ಲಿ" ಎಂದು ಕೆಮ್ಮಿದ. ಬೇರೆ ಬೇರೆ ವಾಕ್ಯ ಹಿಡಿದು ನೋಡಿದೆ. ನಮ್ಮ ಮದುವೆ, ನಮ್ಮ ಸಾವು, ನಮ್ಮ ದೇವರು, ನಮ್ಮ ಗೆಣಸು, ಎಲ್ಲದಕ್ಕೂ ಅವನೇ. ನಾನೇ ಕಂಡದ್ದು ನನ್ನ ದನಿಯಲ್ಲಿ ಬರುತ್ತಿತ್ತು, ನಿಜ. ಆದರೆ ಅದು ಆರು ವರ್ಷದ ಮಗು ಕಂಡದ್ದು: ಒಂದು ಕುಂಟುನಾಯಿ, ದೊಡ್ಡವ್ವನ ಸೊಂಟ, ಒಲೆಯ ಹತ್ತಿರದ ಬೆಚ್ಚಗಿನ ಗೋಡೆ. ಅದರಲ್ಲಿ ಉಪನ್ಯಾಸವಾಗುವಂಥದ್ದು ಏನೂ ಇರಲಿಲ್ಲ. ದೊಡ್ಡವ್ವನ ದನಿಯಲ್ಲಿ ಹೇಳಬಲ್ಲ ಜ್ಞಾನವೆಂದರೆ "ಹೊಗೆ ಕಣ್ಮಗಾ" ಒಂದೇ. ಅದನ್ನು ಎಷ್ಟು ಎಳೆದರೂ ಮುಕ್ಕಾಲು ಗಂಟೆಯಾಗುವುದಿಲ್ಲ.

ಕಾಯಂ ಆಗಲು ನಾನು ಕೊಡಬೇಕಾದ ಪರೀಕ್ಷಾ ಉಪನ್ಯಾಸದ ವಿಷಯವನ್ನು ವಾಮದೇವಯ್ಯನವರೇ ಆರಿಸಿದರು: ಹಾಡಿಯಲ್ಲಿ ಹೆಸರಿಡುವ ಪದ್ಧತಿ. ದೊರೆ ಅದರ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದ, ಎಡೆಬಿಡದೆ ಕೆಮ್ಮಿದ ಅಧ್ಯಾಯ. ಹಾಡಿಯವಳೇ ದೊರೆಯ ದನಿಯಲ್ಲಿ ಮಾತಾಡಿಬಿಟ್ಟರೆ ಕುಲಪತಿಗಳು ಆದೇಶವನ್ನು ಹಿಂದಕ್ಕೆ ಪಡೆಯಲೇಬೇಕು, ಆಗ ತಮ್ಮ ಕೆಮ್ಮು ನಿವೃತ್ತಿಯವರೆಗೂ ಭದ್ರ ಎಂಬುದು ಅವರ ಯೋಚನೆ. ಅವರು ಕೆಟ್ಟವರಲ್ಲ. ಸ್ವಂತ ದನಿ ಹೇಗಿದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಆದೇಶ ಬಂದ ಮೇಲೆ ಹುಣಸೆಮರದ ಕೆಳಗೆ ಒಬ್ಬರೇ ನಿಂತು ಬಾಯಿ ತೆರೆಯುವುದು ಮುಚ್ಚುವುದು ಮಾಡುತ್ತಿದ್ದುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಕೊನೆಗೆ ಕ್ಯಾಂಟೀನಿಗೆ ಹೋಗಿ, ತೀರಿಕೊಂಡ ತಮ್ಮ ತಂದೆಯ ದನಿಯಲ್ಲಿ "ಅರ್ಧ ಕಾಫಿ, ಸಕ್ಕರೆ ಕಮ್ಮಿ" ಎಂದರು.

ನಾನು ಹಾಡಿಗೆ ಓಡಿದೆ. ಬಸ್ಸು ಅಲ್ಲಿ ತಿರುಗಿಸಿಕೊಂಡು ಹೊರಡುವವರೆಗೆ ಮಾತ್ರ ಸಮಯವಿತ್ತು. ದೊಡ್ಡವ್ವ ಒಳಗೆ ಒಲೆಯ ಮುಂದೆ ಕಾಡುಗೆಣಸು ಸುಲಿಯುತ್ತಿದ್ದಳು.

"ಓ, ನನ್ ಮಗಳು! ಬಾ ಒಳೀಕೆ, ಕುಂತ್ಕ."

"ಇಲ್ಲ ದೊಡ್ಡವ್ವ, ಬಸ್ಸು ಹೊರಟುಬಿಡುತ್ತೆ. ಒಂದೇ ಒಂದು ವಿಷಯ ಕೇಳಬೇಕಿತ್ತು. ನಮ್ಮಲ್ಲಿ ಮಗುವಿಗೆ ಹೆಸರು ಹೇಗೆ ಇಡ್ತಾರೆ?"

ಅವಳು ನನ್ನ ಕಾಲು ನೋಡಿದಳು. ನಾನು ಹೊಸ್ತಿಲಾಚೆ ಚಪ್ಪಲಿಯಲ್ಲೇ ನಿಂತಿದ್ದೆ. ಕೈಯಲ್ಲಿ ಪೆನ್ನಿತ್ತು. "ಹೆಸ್ರಾ?" ಎಂದು ಗೆಣಸನ್ನು ತಿರುಗಿಸಿದಳು. "ಮಗು ಹುಟ್ಟಿದ್ ಮೇಲೆ ಅದು ಸೀನೋ ತಂಕ ಹೆಸ್ರಿಲ್ಲ ಕಣ್ಮಗಾ. ಸೀನ್ದಾಗ ಹಟ್ಟೀಲಿ ಇರೋ ದೊಡ್ಡೋಳ ಕಣ್ಣು ಯಾತರ ಮ್ಯಾಲೆ ಬಿದ್ದದೋ ಅದೇ ಹೆಸ್ರು."

"ಎರಡು ಸಲ ಸೀನಿದರೆ?"

"ಎಲ್ಡು ಹೆಸ್ರು." ಅವಳು ಸ್ವಲ್ಪವೂ ತಡವರಿಸಲಿಲ್ಲ. "ನೆಗಡಿ ಇರೋ ಮಗೀಗೆ ಬಾರೀ ಕಷ್ಟ."

ಡ್ರೈವರು ಹಾರನ್ನು ಬಾರಿಸಿದ. ನಾನು ಓಡಿದೆ. ಮನೆಗೆ ಬಂದು ಬಚ್ಚಲಿನ ಚಿಲಕ ಹಾಕಿ, "ಮಗು ಸೀನುವವರೆಗೆ ಅದಕ್ಕೆ ಹೆಸರಿಲ್ಲ" ಎಂದೆ. ನಲ್ಲಿಯ ನೀರಿನ ಸದ್ದಿನ ನಡುವೆ ದೊಡ್ಡವ್ವನ ಒರಟು, ಬೆಚ್ಚನೆಯ ದನಿ ಎದ್ದು ಬಂತು. ನನಗೆ ಅಳುವೇ ಬಂದುಬಿಟ್ಟಿತು. ರಾತ್ರಿಯ ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ ಅದನ್ನೇ ಹೇಳಿಕೊಂಡೆ. ಹುದ್ದೆ ಸಿಕ್ಕಿತೆಂದೇ ಅಂದುಕೊಂಡೆ.

ಯಾರಿಂದಲೋ ಸುದ್ದಿ ತಿಳಿದು ದೊಡ್ಡವ್ವ ಉಪನ್ಯಾಸದ ದಿನ ತಾನೇ ಬಂದಳು. "ನನ್ ದನಿ ದೊಡ್ ಮನೇಲಿ ಮೊಳಗ್ತದಂತೆ, ನಾನ್ ಬರ್ದೆ ಇರ್ತೀನಾ?" ಎಂದು ಹೊಸ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕುಲಪತಿಗಳ ಪಕ್ಕದ ಕುರ್ಚಿಯನ್ನೇ ಹಿಡಿದಳು. ಅದು ವಾಮದೇವಯ್ಯನವರ ಕುರ್ಚಿ. ಅವರು ಕೆಳಗಿಟ್ಟಿದ್ದ ಚೀಲವನ್ನು ಕಾಲಲ್ಲಿ ಪಕ್ಕಕ್ಕೆ ಸರಿಸಿ, "ನೀವು ಆ ಕಡೆ ಕುಂತ್ಕಳಿ ಸಾಮಿ, ಗಾಳಿ ಬತ್ತದೆ" ಎಂದಳು.

ನಾನು ಶುರುಮಾಡಿದೆ. ಸಭಾಂಗಣದಲ್ಲಿ ದೊಡ್ಡವ್ವನ ದನಿ ತುಂಬಿಕೊಂಡಿತು. ಆ ಗೋಡೆಗಳು ಅಂಥ ದನಿಯನ್ನು ಕೇಳಿರಲಿಲ್ಲ. ಕುಲಪತಿಗಳು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. ನಾನು ಸೀನಿನ ಬಗ್ಗೆ ಹೇಳಿದೆ, ಎರಡು ಸೀನಿನ ಬಗ್ಗೆ ಹೇಳಿದೆ, ನೆಗಡಿಯಿರುವ ಮಗುವಿನ ಬಗ್ಗೆ ಹೇಳಿದೆ. ಹುಟ್ಟು ಮತ್ತು ಉಸಿರಿನ ನಂಟಿನ ಬಗ್ಗೆಯೂ ನಾಲ್ಕು ಮಾತು ಸೇರಿಸಿದೆ. ಅದನ್ನು ನಾನೇ ಕಟ್ಟಿದ್ದರಿಂದ ಆ ಭಾಗ ತೀರ ಸಣ್ಣ ದನಿಯಲ್ಲಿ ಬಂತು, ಯಾರಿಗೂ ಕೇಳಿಸಲಿಲ್ಲ. ಮುಗಿದಾಗ ಚಪ್ಪಾಳೆ ಬಿತ್ತು. ಕುಲಪತಿಗಳು ಎದ್ದು ನಿಂತು, "ಅದ್ಭುತ. ಅಂದರೆ ಮೇಡಂ, ನೀವು ಸೀನಿದಾಗ ಹಿರಿಯರ ಕಣ್ಣು ಸೋರೆಕಾಯಿಯ ಮೇಲಿತ್ತು!" ಎಂದರು.

ಆಗ ದೊಡ್ಡವ್ವ ನಕ್ಕಳು. ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಸಾಲಲಿಲ್ಲ. ಕುರ್ಚಿಯೂ ಅವಳ ಜೊತೆಗೆ ಅಲ್ಲಾಡುತ್ತಿತ್ತು.

ಆ ನಗುವಿನ ನಡುವೆ ಯಾರೋ "ಒಂದು ನಿಮಿಷ" ಎಂದರು. ಎಳೆಯ ಹುಡುಗಿಯದೋ ಎನ್ನುವಂಥ ತೆಳ್ಳನೆಯ ದನಿ. ಎಲ್ಲರೂ ಹಿಂತಿರುಗಿ ಯಾರೆಂದು ಹುಡುಕಿದರು. ಮಾತಾಡಿದವರು ವಾಮದೇವಯ್ಯನವರು. ಅವರೇ ಬೆಚ್ಚಿ, ಗಂಟಲ ಮೇಲೆ ಕೈಯಿಟ್ಟುಕೊಂಡಿದ್ದರು. ಆದರೆ ತಮಗೆ ಹೊಳೆದ ವಿಚಾರವನ್ನು ಬಿಡಲಾರದೆ ಮುಂದುವರಿದರು. "ಇದು ತಲೆತಲಾಂತರದ ಪದ್ಧತಿ ಅಲ್ಲವೇ? ಹಾಗಾದರೆ ಇದು ಯಾವುದೋ ಹಳೆಯ ಕಾಲದವರ ದನಿಯಲ್ಲಿ ಬರಬೇಕಿತ್ತು. ಬಂದದ್ದು ಇಲ್ಲೇ ಕೂತಿರುವ ಈ ತಾಯಿಯ ದನಿ. ಅಂದರೆ ಈ ಸೀನಿನ ವಿಷಯ ಇವರೇ ಕಟ್ಟಿದ್ದು!"

ಪಂಚಾಯಿತಿ ಕಟ್ಟೆಯಲ್ಲಾಗಿದ್ದರೆ ಯಾವ ದನಗಾಹಿಯೂ ಇದನ್ನು ಮೊದಲ ವಾಕ್ಯಕ್ಕೇ ಹಿಡಿಯುತ್ತಿದ್ದ. ನಾನು ದೊಡ್ಡವ್ವನ ದನಿ ಬಂದ ಸಂತೋಷದಲ್ಲಿ, ಅದು ಏಕೆ ಅವಳದೇ ದನಿ ಎಂದು ಕೇಳಿಕೊಳ್ಳುವುದನ್ನೇ ಮರೆತಿದ್ದೆ. ವಾಮದೇವಯ್ಯನವರು ಗೆದ್ದ ಖುಷಿಯಲ್ಲಿ ಸುತ್ತ ನೋಡಿದರು. "ನಮ್ಮ ದೊರೆಯವರನ್ನೇ ನೋಡಿ. ಹಾಡಿಯ ಹಿರಿಯರು ಸ್ವತಃ ತಿಳಿಸಿದ್ದನ್ನೇ ಅವರು ಹೇಳಿದ್ದು, ಆದ್ದರಿಂದಲೇ ಅವರ ಮಾತು ಬರುವುದು ಹಿರಿಯರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಅವರು ಮತ್ತೆ ಮೆಲ್ಲನೆ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವವರಂತೆ, "ಜೇನು ಕೀಳುವ ಮುನ್ನ ಅಳುತ್ತಾರೆ" ಎಂದರು. ದಪ್ಪ ದನಿ, ಆಮೇಲೆ ಕೆಮ್ಮು. ಯಾವ ಹಿರಿಯರೂ ಅದರಲ್ಲಿರಲಿಲ್ಲ. ದೊರೆ ಒಬ್ಬನೇ ಇದ್ದ. ವಾಮದೇವಯ್ಯನವರು ಕೂರಲು ಹೋದರು. ಅವರ ಕುರ್ಚಿ ಮೊದಲೇ ಹೋಗಿತ್ತಲ್ಲ, ಪಕ್ಕದ ಅಧ್ಯಾಪಕರ ತೊಡೆಯ ಮೇಲೆ ಕೂತುಬಿಟ್ಟರು. ಆ ಅಧ್ಯಾಪಕರೂ ಏಳಿ ಎನ್ನಲಿಲ್ಲ. ಅವರೂ ಅದೇ ಅಳುವಿನ ಎರಡನೇ ಸಂಪುಟದ ಮೇಲೆ ಡಾಕ್ಟರೇಟ್ ಪಡೆದಿದ್ದವರು.

ಕುಲಪತಿಗಳು ಸಭೆಯನ್ನು ಹೇಗಾದರೂ ಉಳಿಸಲು, "ಅದನ್ನೆಲ್ಲ ಸಮಿತಿ ನೋಡಲಿ" ಎಂದು ಕೈಯೆತ್ತಿ ನನ್ನ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ಪದ್ಧತಿ ಹಾಗಿರಲಿ. ನಿಮಗೆ ಸೋರೆ ಎಂಬ ಹೆಸರು ಹೇಗೆ ಬಂತು? ಅಷ್ಟು ಹೇಳಿದರೂ ಸಾಕು, ನಿಮ್ಮ ಕೆಲಸಕ್ಕೆ ನಾನು ಶಿಫಾರಸು ಮಾಡುತ್ತೇನೆ."

ಹೇಳಲು ನನಗೆ ಎರಡು ದಾರಿಗಳಿದ್ದವು. ಹೆಸರುಗಳ ಅಧ್ಯಾಯದಲ್ಲಿ ದೊರೆ ತರಕಾರಿಯ ಹೆಸರಿನ ಬಗ್ಗೆ ಒಂದು ಪುಟ ಬರೆದಿದ್ದ; ಅದು ನಾಲಗೆಯ ತುದಿಯಲ್ಲೇ ಇತ್ತು. ಇಲ್ಲವೇ ಸೀನನ್ನೇ ಇನ್ನೊಂದಿಷ್ಟು ಬೆಳೆಸಬಹುದಿತ್ತು. ದೊಡ್ಡವ್ವ ನಗು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಈ ಸಲ ಬಚ್ಚಲಿನಲ್ಲಿ ಹೇಳಿ ನೋಡಿಕೊಳ್ಳಲು ಅವಕಾಶವಿರಲಿಲ್ಲ. ನಾನು ಬಾಯಿ ತೆರೆದೆ.

"ನನಗೆ ಗೊತ್ತಿಲ್ಲ" ಎಂದೆ.

ಅದು ನನ್ನ ದನಿ. ಸ್ವಲ್ಪ ಒಡಕು, ಆದರೆ ಹಿಂದಿನ ಸಾಲಿನವರೆಗೂ ಮುಟ್ಟಿತು. ಆ ಮಾತನ್ನು ಆ ಸಭಾಂಗಣದಲ್ಲಿ ನನಗೆ ಯಾರೂ ಕಲಿಸಿರಲಿಲ್ಲ. ಅಂಕ ಹಾಕಲು ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದನಿಗೆ ಪೂರ್ತಿ ಅಂಕ ಕೊಡಬೇಕು, ಉತ್ತರಕ್ಕೆ ಏನೂ ಕೊಡುವಂತಿಲ್ಲ. ಅವರು ಅದನ್ನು ಚರ್ಚಿಸುತ್ತಿರುವಾಗಲೇ ದೊಡ್ಡವ್ವ ಎದ್ದು ಬಂದು ನನ್ನ ತೋಳು ಹಿಡಿದಳು. "ಇವಳ್ಗೆ ಹೊಟ್ಟೆ ಹಸ್ದದೆ. ನಾನ್ ಕರ್ಕಂಡ್ ಓಯ್ತೀನಿ. ನೀವು ನಿಮ್ ಪಂಚಾಯ್ತಿ ಮಾಡ್ಕಳಿ."

ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕೂತೆ. "ನಾನು ನಿನ್ನ ಮಗಳಲ್ಲವಾ ದೊಡ್ಡವ್ವ? ನನಗೇ ಸುಳ್ಳು ಹೇಳಿದೆಯಲ್ಲ" ಎಂದೆ.

"ಸುಳ್ಳಲ್ಲ ಕನಾ. ಹೊಸ್ಲು ಮಾತು." ಅವಳು ತಣ್ಣಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಹೊಸ್ಲಾಗೆ ನಿಂತ್ಕಂಡು ಕೇಳ್ದೋರ್ಗೆ ಬರೀಗೈಲಿ ಕಳ್ಸಬಾರ್ದು, ಅದಕ್ಕೆ ಒಂದ್ ಮಾತು ಕೊಡ್ತೀವಿ. ನಗೋ ಅಂತ ಮಾತು. ಒಳೀಕೆ ಬಂದು ಕುಂತೋರ್ಗೆ ಒಲೆ ಮಾತು. ಕುಂತ್ಕ ಅಂದೆ. ನೀನು ಕುಂತ್ಯಾ?"

"ಇದು ನನಗೆ ಯಾರು ಹೇಳಿದ್ದರು?"

"ಯಾರ್ ಹೇಳಾರು? ನೀನು ಯಾವಾಗ್ ಬಂದ್ರೂ ನಿಂತೇ ಇದ್ದೆ." ಎಲೆ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಅಗಿದಳು. "ಆ ಕೆಮ್ಮೋನ್ಗೂ ನಮ್ ಹಿರೀರು ಒಳ್ಳೆ ಹೊಸ್ಲು ಮಾತೇ ಕೊಟ್ಟಿದ್ರು ಅಂತಾರೆ. ಅವ್ನು ಅದನ್ನೂ ಕೇಳಿಸ್ಕಳ್ನಿಲ್ಲ, ತಾನೇ ಕಟ್ಕಂಡ. ನೀನು ವಾಸಿ. ಕೇಳಿಸ್ಕಂಡೆ."

ಆ ಸಂಜೆ ನಾನು ಚಪ್ಪಲಿ ಕಳಚಿ ಒಳಗೆ ಹೋಗಿ ಕೂತೆ. ಅವಳು "ಇದನ್ನ ಸುಲಿ" ಎಂದು ಗೆಣಸು ಕೊಟ್ಟಳು. ರಜೆ ಹಾಕಿದೆ. ಮರುದಿನವೂ ಗೆಣಸು. ಹೆಸರಿನ ಮಾತು ತೆಗೆದರೆ, "ಸಿಪ್ಪೆ ದಪ್ಪ ಬರ್ತಾ ಅದೆ" ಎನ್ನುತ್ತಿದ್ದಳು. ನಾನು ಕೇಳುವುದನ್ನು ಬಿಟ್ಟೆ. ಬಿಟ್ಟ ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ, ಅನ್ನ ಬಸಿಯುತ್ತ, ಅವಳಾಗಿಯೇ ನನ್ನ ಹೆಸರಿನ ಕಥೆ ಹೇಳಿದಳು. ಹೇಳುವಾಗ ಅದು ಅವಳ ದನಿಯಾಗಿರಲಿಲ್ಲ. ನಾನು ಮೆಲ್ಲಗೆ ಅದನ್ನು ತಿರುಗಿ ಹೇಳಿದೆ. ನನ್ನ ಗಂಟಲಿನಿಂದಲೂ ಅದೇ ದನಿ ಬಂತು. ಯಾರೋ ಬಹಳ ಹಳೆಯ ಹೆಂಗಸು. ಹಲ್ಲಿಲ್ಲದ, ಅವಸರವಿಲ್ಲದ ದನಿ. "ಯಾರಿದು?" ಎಂದೆ. "ನಂಗೂ ಗೊತ್ತಿಲ್ಲ ಕಣ್ಮಗಾ" ಎಂದು ದೊಡ್ಡವ್ವ ಸೌಟು ಕೆಳಗಿಟ್ಟಳು. "ನಮ್ಮವ್ವನ್ಗೂ ಗೊತ್ತಿರ್ನಿಲ್ಲ. ಇನ್ನೊಂದ್ ಸಲ ಹೇಳು, ಕೇಳಾವ."

ಕುಲಪತಿಗಳಿಗೆ ಇದು ಹೇಗೋ ತಿಳಿಯಿತು. ನನ್ನನ್ನು ಕರೆಸಿ, ಆ ಕಥೆಯನ್ನು ಬರೆದು ಕೊಟ್ಟರೆ ಅಂದೇ ಕಾಯಂ ಆದೇಶಕ್ಕೆ ಸಹಿ ಹಾಕುವುದಾಗಿ ಹೇಳಿದರು. ಈ ಸಲ ಅವರು ಸ್ವಂತ ದನಿಯಲ್ಲೇ ಮಾತಾಡಿದ್ದರಿಂದ ನನಗೆ ಇಲ್ಲವೆನ್ನಲು ಕಷ್ಟವಾಯಿತು. ಆದರೂ ಹೇಳಿದೆ, ಸರ್, ಕಾಗದಕ್ಕೆ ಗಂಟಲಿಲ್ಲ. ಬರೆದರೆ ಅದು ಯಾರ ಮಾತೆಂದೇ ಗೊತ್ತಾಗುವುದಿಲ್ಲ, ನಾನೇ ಕಟ್ಟಿದ್ದೆಂದು ಮುಂದಿನವರು ಅಡಿಗೆರೆ ಎಳೆಯುತ್ತಾರೆ. ಕೇಳಬೇಕಾದರೆ ನೀವೇ ಬರಬೇಕು. ಅವರು ಗಡಿಯಾರ ನೋಡಿ, "ಎಷ್ಟು ಹೊತ್ತಾಗಬಹುದು?" ಎಂದರು. ಅದು ದೊಡ್ಡವ್ವನಿಗೆ ಬಿಟ್ಟದ್ದು ಎಂದೆ.

ಕುಲಪತಿಗಳು ಬಂದರು. ಒಬ್ಬರೇ ಬರಲು ಧೈರ್ಯ ಸಾಲದೆ ವಾಮದೇವಯ್ಯನವರನ್ನೂ ಕರೆದುಕೊಂಡು ಬಂದರು. ಹೊಸ್ತಿಲಲ್ಲಿ ಇಬ್ಬರೂ ಬಹಳ ಹೊತ್ತು ನಿಂತು, ನೀವು ಮೊದಲು, ನೀವು ಮೊದಲು ಎಂದು ಒಬ್ಬರನ್ನೊಬ್ಬರು ಒಳಗೆ ತಳ್ಳಿದರು. ದೊಡ್ಡವ್ವ ಅವರನ್ನು ಒಲೆಯ ಆಚೀಚೆ ಕೂರಿಸಿ ಕೈಗೊಂದು ಗೆಣಸು ಕೊಟ್ಟಳು. ಇದೆಲ್ಲ ಆಗಿ ದಿನಗಳು ಕಳೆದಿವೆ. ನನ್ನ ಆದೇಶದ ಕಡತ ಕುಲಪತಿಗಳ ಮೇಜಿನ ಮೇಲಿದೆಯಂತೆ, ಸಹಿಯೊಂದು ಬಾಕಿ. ನಾನು ಅವಸರ ಮಾಡಿಲ್ಲ. ಸಹಿ ಹಾಕಬೇಕಾದ ಕೈಯಲ್ಲಿ ಈಗ ಗೆಣಸಿದೆ, ಸಿಪ್ಪೆ ಇನ್ನೂ ದಪ್ಪ ಬರುತ್ತಿದೆ.